ಎಂಟನೇ ತರಗತಿಗೆ ಬರುವ ಮಕ್ಕಳು

ಶಿರಸಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತ, ಹೆಚ್ಚಿನ ವರ್ಷಗಳಲ್ಲಿ ಎಂಟನೇ ತರಗತಿಯ ವರ್ಗಶಿಕ್ಷಕಿಯಾಗಿದ್ದ ನನಗೆ ಮನದಟ್ಟಾದ ಸಂಗತಿಯೆಂದರೆ, ಹದಿಹರೆಯದ ಹೊಸ್ತಿಲಲ್ಲಿರುವ ಮಕ್ಕಳಿಗೆ ನಮ್ಮ ಉಪದೇಶಕ್ಕಿಂತ ಶಾಲೆಯ ದಿನಚರಿಯಲ್ಲಿ ನಾವು ಮಾಡುವ ಸಣ್ಣ ಬದಲಾವಣೆಗಳೇ ಹೆಚ್ಚು ಆಸರೆಯಾಗುತ್ತವೆ.

ನಮ್ಮಲ್ಲಿ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳನೆಯ ತರಗತಿಗೇ ಮುಗಿಯುವುದರಿಂದ, 12-13ರ ವಯಸ್ಸಿನಲ್ಲಿ, ದೇಹ ಬದಲಾಗುವ ಹೊತ್ತಿಗೇ ಮಗುವಿನ ಶಾಲೆಯೂ ಬದಲಾಗುತ್ತದೆ. ಊರಿನ ಶಾಲೆಯಲ್ಲಿ ಎಲ್ಲರಿಗೂ ಹೆಸರು ಹಿಡಿದು ಗೊತ್ತಿದ್ದ ಮಗು ಜೂನ್ ತಿಂಗಳ ಮಳೆಯಲ್ಲಿ ಹಳ್ಳ ದಾಟಿ, ಬಸ್ಸಿಗೆ ಕಾದು, ಗುರುತಿಲ್ಲದವರ ನಡುವೆ ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತದೆ.

ಹುಡುಗಿಯರು ಹುಡುಗರಿಗಿಂತ ಸುಮಾರು 2 ವರ್ಷ ಮೊದಲೇ ಎತ್ತರಕ್ಕೆ ಬೆಳೆಯತೊಡಗುವುದರಿಂದ ಈ ತರಗತಿಯಲ್ಲಿ ಎತ್ತರದ ಪ್ರಕಾರ ಸಾಲು ನಿಲ್ಲಿಸುವುದೆಂದರೆ ಕುಳ್ಳಗಿರುವ ಹುಡುಗನನ್ನೂ ಎತ್ತರದ ಹುಡುಗಿಯನ್ನೂ ದಿನವೂ ಪ್ರದರ್ಶನಕ್ಕಿಟ್ಟಂತೆ. ನಾವು ಹಾಜರಿ ಸಂಖ್ಯೆಯ ಪ್ರಕಾರ ನಿಲ್ಲಿಸುತ್ತೇವೆ. ಧ್ವನಿ ಒಡೆಯುತ್ತಿರುವ ಹುಡುಗ ಪದ್ಯ ಓದಲು ಎದ್ದು ನಿಂತಾಗ ತರಗತಿ ನಕ್ಕರೆ ಅವನು ಮುಂದೆ ಬಾಯಿ ತೆರೆಯುವುದಿಲ್ಲ; ಆದ್ದರಿಂದ ನಾನು ಮೊದಲ ತಿಂಗಳುಗಳಲ್ಲಿ ಇಬ್ಬಿಬ್ಬರಿಂದ ಒಟ್ಟಿಗೆ ಓದಿಸುತ್ತೇನೆ. ಸ್ಯಾನಿಟರಿ ಪ್ಯಾಡ್ ಶಾಲೆಯಲ್ಲಿದ್ದರೂ ಅದನ್ನು ಕೇಳಲು ಪುರುಷ ಶಿಕ್ಷಕರು ಕುಳಿತಿರುವ ಕೋಣೆಗೆ ಹೋಗಬೇಕೆಂದಾದರೆ ಯಾವ ಹುಡುಗಿಯೂ ಕೇಳುವುದಿಲ್ಲ, ಮರುದಿನ ಮನೆಯಲ್ಲೇ ಉಳಿಯುತ್ತಾಳೆ. ಕೇಳದೆಯೇ ತೆಗೆದುಕೊಳ್ಳುವಂತೆ ಅದು ಹುಡುಗಿಯರ ಶೌಚಾಲಯದ ಕಪಾಟಿನಲ್ಲಿರಬೇಕು, ಮಳೆಗಾಲದಲ್ಲಂತೂ ಖಂಡಿತವಾಗಿ.

ನಿದ್ದೆಯ ವಿಷಯದಲ್ಲಿ ನಾವು ಮಕ್ಕಳಿಗೆ ಅನ್ಯಾಯ ಮಾಡುತ್ತಿದ್ದೇವೆ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ. ಮೊಬೈಲ್ ಅದನ್ನು ಇನ್ನಷ್ಟು ಹಿಂದೂಡುತ್ತದೆ. ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕಾದ ಮಗು ಬೆಳಗಿನ ಬಸ್ಸಿಗಾಗಿ ಕತ್ತಲಲ್ಲೇ ಏಳುತ್ತದೆ. ಬಸ್ಸಿನ ಸಮಯ ನಮ್ಮ ಕೈಯಲ್ಲಿಲ್ಲ, ಆದರೆ ಕಿರುಪರೀಕ್ಷೆಯನ್ನು ಮೊದಲ ಪೀರಿಯಡ್ಡಿನಿಂದ ಮೂರನೆಯದಕ್ಕೆ ಸರಿಸುವುದು ನಮ್ಮ ಕೈಯಲ್ಲೇ ಇದೆ.

ವಾರಗಟ್ಟಲೆ ಊಟ ಬಿಟ್ಟು, ಗೆಳೆಯರನ್ನು ಬಿಟ್ಟು ಮೂಲೆ ಸೇರಿದ ಮಗುವಿಗೆ ಶಿಕ್ಷಕರ ಮಾತಷ್ಟೇ ಸಾಲದು. ಪಾಲಕರೊಂದಿಗೆ ಮಾತಾಡಿ ವೈದ್ಯರತ್ತ ಕಳಿಸಬೇಕು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯ ಮೇಲಿರಲಿ.

ಆದರೆ ಆ ಮೌನವನ್ನು ಗಮನಿಸಲು ಮಗುವನ್ನು ಮೊದಲಿನಿಂದ ಬಲ್ಲ ಒಬ್ಬರು ಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಲ್ಲಿ ಅನುಭವಿಗಳನ್ನು ಹತ್ತನೆಯದಕ್ಕೆ ಹಾಕಿ, ಎಂಟನೆಯದನ್ನು ವರ್ಷದ ನಡುವೆ ಬಿಟ್ಟುಹೋಗಬಹುದಾದ ಅತಿಥಿ ಶಿಕ್ಷಕರಿಗೆ ಒಪ್ಪಿಸುವ ರೂಢಿ ಹಲವೆಡೆ ಇದೆ. ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ವೇಳಾಪಟ್ಟಿ ಬರೆಯುವಾಗ ಎಂಟನೇ ತರಗತಿಗೆ ಹತ್ತನೆಯವರೆಗೂ ಜೊತೆಗಿರಬಲ್ಲ ವರ್ಗಶಿಕ್ಷಕರನ್ನು ಮೊದಲು ನಿಗದಿಪಡಿಸಿ, ಉಳಿದುದನ್ನು ಆಮೇಲೆ ತುಂಬಿರಿ.