ಮೇಜಿನ ಹಿಂದಿನ ನಾಲ್ಕು ನಕ್ಷತ್ರ

ಹೋದ ಜೂನ್‌ನಲ್ಲಿ ಜಪಾನಿನ ನಾಗೋಯಾದಲ್ಲಿರುವ ನಮ್ಮ ಮನೆಗೆ ಒಂದು ಮೇಜು ಬಂತು. ಡಬ್ಬದಲ್ಲಿ ಬರುವ, ನಾವೇ ಜೋಡಿಸಿಕೊಳ್ಳುವ ಅಗ್ಗದ ಮೇಜು. ಬಿಚ್ಚಿದ ಕೂಡಲೇ ಘಾಟು. ಎರಡು ದಿನದಲ್ಲಿ ಹೋಗುತ್ತೆ ಅಂದುಕೊಂಡೆವು, ಆದರೆ ಮಳೆಗಾಲದ ಸೆಕೆಗೆ ಇನ್ನೂ ಜಾಸ್ತಿ ಆಯ್ತು. ಆ ಕೋಣೆಯಲ್ಲಿ ಮಲಗುತ್ತಿದ್ದ ಹನ್ನೊಂದು ತಿಂಗಳ ಮಗಳು ಕಣ್ಣು ಉಜ್ಜಿಕೊಂಡು ಎದ್ದು ಕೂರುತ್ತಿದ್ದಳು. "ಇದು ಬೋರ್ಡಿನ ಅಂಟಿನ ವಾಸನೆ ಕಣೇ" ಅಂತ ಗಂಡ ಮೇಜನ್ನು ಬಾಲ್ಕನಿಗೆ ಎಳೆದು ಹಾಕಿದರು. ವಾರದೊಳಗೆ ಅವಳ ಕಣ್ಣು ಸರಿಹೋಯಿತು.

ಆಮೇಲೆ ನಾನು ಕೂತು ಓದಿದೆ. ಮರದ ಪುಡಿ, ಚೂರು ಸೇರಿಸಿ ಒತ್ತುವ ಬೋರ್ಡಿನ ಅಂಟಿನಲ್ಲಿ ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಎಂಬ, ಕಣ್ಣು ಉರಿಸುವ ರಾಸಾಯನಿಕ ಇರುತ್ತದೆ, ಸೆಕೆ ಏರಿದಷ್ಟೂ ಅದು ಹೊರಗೆ ಬರುತ್ತದೆ. ಜಪಾನಿನಲ್ಲಿ 2003ರ ಜುಲೈಯಿಂದ ಮನೆ ಕಟ್ಟುವ ಸಾಮಾನಿಗೆ ಇದರ ಬಗ್ಗೆ ಕಟ್ಟುನಿಟ್ಟು ಕಾನೂನಿದೆ. ತೀರಾ ಕಡಿಮೆ ಬಿಡುವ ಬೋರ್ಡಿಗೆ ಎಫ್ ಅಕ್ಷರದ ಪಕ್ಕ ನಾಲ್ಕು ನಕ್ಷತ್ರ. ಆದರೆ ಅಂಗಡಿಯಿಂದ ತಂದು ಇಡುವ ಮೇಜು ಕುರ್ಚಿ ಆ ಕಾನೂನಿನ ಒಳಗೆ ನೇರವಾಗಿ ಬರುವುದಿಲ್ಲ. ಅದಕ್ಕೇ ಹೊಸ ಮನೆಗಳಲ್ಲಿ ದಿನವಿಡೀ ಗಾಳಿ ಬದಲಾಯಿಸುವ ಫ್ಯಾನ್ ಕಡ್ಡಾಯ ಮಾಡಿದರಂತೆ, ಗೋಡೆ ನೆಲ ಶುದ್ಧವಾಗಿದ್ದರೂ ಪೀಠೋಪಕರಣದಿಂದ ಬರಬಹುದಲ್ಲ ಅಂತ. ನಮ್ಮದು ಹಳೇ ಅಪಾರ್ಟ್‌ಮೆಂಟು. ಆ ಫ್ಯಾನ್ ಇಲ್ಲ. ಮೇಜಿನ ಹಿಂದೆ ತಡಕಿದೆ, ಒಂದು ನಕ್ಷತ್ರವೂ ಇರಲಿಲ್ಲ.

ಆಗಸ್ಟ್‌ನಲ್ಲಿ ಹಿದಾ ರೈಲು ಹತ್ತಿ ತಕಾಯಾಮಾಕ್ಕೆ ಹೋದೆವು. ಅಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂದೇ ದಿನದಲ್ಲಿ ಸ್ಟೂಲ್ ಮಾಡಲು ಕಲಿಸುತ್ತಾರೆ. ತಕಾಯಾಮಾ ಇರುವ ಈ ಹಿದಾ ಸೀಮೆಯ ಕಥೆ ನನಗೆ ಬಹಳ ಇಷ್ಟ. ಎಂಟನೇ ಶತಮಾನದಲ್ಲಿ ಇಲ್ಲಿನವರಿಗೆ ಬೇರೆ ತೆರಿಗೆ ಬಿಟ್ಟು, ಬದಲಿಗೆ ರಾಜಧಾನಿಗೆ ಬಡಗಿಗಳನ್ನು ಕಳಿಸಿ ಅಂದಿದ್ದರು. ಐವತ್ತು ಮನೆಗೆ ಹತ್ತು ಜನ. ನಾರಾ, ಕ್ಯೋಟೊ ನಗರಗಳ ದೇವಸ್ಥಾನ ಕಟ್ಟಿದ ಕೈಗಳಲ್ಲಿ ಇವರದೂ ಇದೆ.

ಕಲಿಸಿದವರು ಎಪ್ಪತ್ತು ದಾಟಿದ ಹಿರಿಯರು. ಮೊದಲು ಕೈಗೆ ಕೊಟ್ಟದ್ದು ಕಾಂಜಿ, ಅಂದರೆ ಚೀನಾದಿಂದ ಬಂದ ಜಪಾನಿ ಲಿಪಿಯ ಅಕ್ಷರ ಬರೆದ ಒಂದು ಚೀಟಿ. ಬುನಾ, ಅಂದರೆ ಬೀಚ್ ಮರದ ಹೆಸರು. ಅರ್ಧ ಭಾಗ 'ಮರ', ಇನ್ನರ್ಧ 'ಇಲ್ಲ'. ಮರವೇ ಅಲ್ಲ ಅಂತ. ಬೇಗ ಕೊಳೆಯುತ್ತೆ, ಸೊಟ್ಟಗಾಗುತ್ತೆ ಅಂತ ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. 1920ರಲ್ಲಿ ಅದೇ ಬುನಾವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ ಇಲ್ಲಿ ಕುರ್ಚಿ ಮಾಡಲು ಶುರುಮಾಡಿದರು, ಊರಿನ ಹೊಟ್ಟೆಪಾಡೇ ಅದಾಯಿತು.

ನನಗೆ ಸಿಕ್ಕಿದ್ದು ಮಿಜುನಾರಾ, ಅಲ್ಲಿನ ಓಕ್. ಮಿಜು ಅಂದರೆ ನೀರು. ಹಸಿಮರದಲ್ಲಿ ಅಷ್ಟು ನೀರು. ಅವಸರದಲ್ಲಿ ಒಣಗಿಸಿದರೆ ಸೀಳು ಬಿಡುತ್ತದೆ, ಅದಕ್ಕೆ ಮೊದಲು ಹೊರಗೆ ಗಾಳಿಗೆ ಬಿಟ್ಟು, ಆಮೇಲೆ ಬಿಸಿ ಕೋಣೆಗೆ ಹಾಕುತ್ತಾರೆ. ಅವರ ಗರಗಸ ಎಳೆದಾಗ ಕೊಯ್ಯುತ್ತದೆ, ಕೀಸುಳಿಯೂ ಹಾಗೇ. ನಮ್ಮೂರ ಆಚಾರಿ ತಳ್ಳುವುದನ್ನೇ ನೋಡಿ ಬೆಳೆದ ನನ್ನ ಕೈ ಮತ್ತೆ ಮತ್ತೆ ತಳ್ಳಲು ಹೋಗುತ್ತಿತ್ತು. ಕೊನೆಗೆ ಒಂದು ಸಲ ಸರಿಯಾಗಿ ಎಳೆದೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿ ಎದ್ದು ಬಂತು, ಅದರ ಕೆಳಗೆ ಹಲಗೆಯ ಎಳೆಗೆ ಅಡ್ಡಡ್ಡ ಬೆಳ್ಳಗೆ ಹೊಳೆಯುವ ಪಟ್ಟೆ. ಹುಲಿಪಟ್ಟೆ ಅಂತಲೇ ಕರೆಯುತ್ತಾರೆ. ಬೆವರಿನ ಕೈಯಲ್ಲಿ ಹಿಡಿದ ಉಳಿಯನ್ನು ನಾನು ಹಲಗೆ ಮೇಲೇ ಇಟ್ಟು ನೀರು ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಅಲ್ಲಿ ಶಾಯಿ ಬಿದ್ದ ಹಾಗೆ ಕಪ್ಪು ಕಲೆ. ಓಕಿನಲ್ಲಿ ಚಹಾದಲ್ಲಿರುವಂಥ ಒಗರು ಇದೆ, ಕಬ್ಬಿಣ ಮತ್ತು ನೀರು ಸೇರಿದರೆ ಹೀಗಾಗುತ್ತೆ ಅಂತ ಹಿರಿಯರು ಇನ್ನೊಮ್ಮೆ ಹೆರೆದು ಕೊಟ್ಟರು.

ಕಾಲುಗಳನ್ನು ತೂತಿಗೆ ಕೂರಿಸಿ, ತಲೆಗೆ ಬೆಣೆ ಇಟ್ಟು ಕೊಡತಿಯಲ್ಲಿ ಹೊಡೆದೆವು. ಮೊಳೆ ಇಲ್ಲ. ಮೇಲೆ ಗಿಡದ ಎಣ್ಣೆ. "ಮಗು ಕಚ್ಚುತ್ತಾಳೆ" ಅಂದೆ. "ಕಚ್ಚಲಿ, ಅದಕ್ಕೇ ಈ ಎಣ್ಣೆ" ಅಂದರು.

ಮಧ್ಯಾಹ್ನ ಅವರು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು. ತೊಡೆಗಿಂತ ಸ್ವಲ್ಪ ದಪ್ಪದ, ಸೊಟ್ಟಗಿನ ದಿಮ್ಮಿಗಳ ರಾಶಿ. ನಾರಾ (ಓಕ್), ಕುರಿ (ಚೆಸ್ಟ್‌ನಟ್), ಸಾಕುರಾ (ಚೆರ್ರಿ), ತೋಚಿ (ಹಾರ್ಸ್ ಚೆಸ್ಟ್‌ನಟ್) ಮರಗಳವು. ಸುತ್ತ ಎಲ್ಲಿ ನೋಡಿದರೂ ಕಾಡು, ಆದರೂ ಜಪಾನಿನಲ್ಲಿ ಕಡಿಯುವ ಇಂಥ ಮರದಲ್ಲಿ ಹೆಚ್ಚಿನ ಪಾಲು ಚೂರಾಗಿ ಕಾಗದಕ್ಕೆ ಹೋಗುತ್ತದೆ, ಕುರ್ಚಿ ಮಾಡುವವರಲ್ಲಿ ಹಲವರು ಓಕನ್ನು ಅಮೆರಿಕದಿಂದ ತರಿಸುತ್ತಾರೆ. ಇದು ನನಗೆ ನಿಜವಾಗಿ ಸಂಕಟ ತಂದಿತು. ಗಂಟು, ಬಣ್ಣ ಬೇರೆ ಇದ್ದರೆ ಗಿರಾಕಿ ಒಪ್ಪುವುದಿಲ್ಲವಂತೆ. ನಾನೂ ಅಂಥ ಗಿರಾಕಿಯೇ ಆಗಿದ್ದೆ, ಸುಳ್ಳು ಯಾಕೆ. 2025ರ ಏಪ್ರಿಲ್‌ನಿಂದ, ದಿಮ್ಮಿ ಮೊದಲು ಕೊಳ್ಳುವ ಅಥವಾ ಆಮದು ಮಾಡುವ ವ್ಯಾಪಾರಿ ಅದು ಕದ್ದು ಕಡಿದ ಮರ ಅಲ್ಲವೇ ಅಂತ ಪರಿಶೀಲಿಸಲೇಬೇಕು. ಒಳ್ಳೆಯದಾಯ್ತು. ಆದರೆ ಮರ ಯಾವ ಕಾಡಿನದು ಅಂತ ಅಂಗಡಿಯಲ್ಲಿ ನಿಂತು ಕೇಳುವ ಕೆಲಸ ನಮ್ಮದೇ ಅಲ್ವಾ?

ಮೊನ್ನೆ ಪುಸ್ತಕದ ಕಪಾಟು ನೋಡಲು ಹೋದಾಗ ಕೇಳಿದೆ. ಅಂಗಡಿಯ ಹುಡುಗ ಟಾರ್ಚ್ ಹಿಡಿದು ಕಪಾಟಿನ ಹಿಂದೆ ಬಗ್ಗಿ, ಹಿಂಬದಿಯ ಬೋರ್ಡಿನ ಚೀಟಿ ತೋರಿಸಿದ. ನಾಲ್ಕು ನಕ್ಷತ್ರ. ಮರ ಎಲ್ಲಿಯದು ಅಂದರೆ ಗೊತ್ತಿರಲಿಲ್ಲ, ನನ್ನ ನಂಬರ್ ಬರೆದುಕೊಂಡ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ, ಉತ್ತರ ಜಪಾನಿನ ಹೊಕ್ಕೈಡೊದ ನಾರಾ ಮರ ಅಂತೆ, ಒಂದು ಹಲಗೆಯಲ್ಲಿ ಗಂಟಿದೆ, ಪರವಾಗಿಲ್ವಾ ಅಂತ. ಅದನ್ನೇ ಕಳಿಸಿ ಅಂದೆ.