ಏಣಿ ಲೀಗ್, 38ನೇ ವಾರ: ಕೊನೆಗೂ ಒಂದನೇ ನಂಬರ್ ಕೆಳಗಿಳಿಯಿತು

ಭಾನುವಾರ ರಾತ್ರಿ ಒಂದೂ ಮುಕ್ಕಾಲಿಗೆ ನಮ್ಮ ಲೀಗಿನ ಅಂಕಪಟ್ಟಿಯ ಶೀಟ್ ರಿಫ್ರೆಶ್ ಮಾಡಿದೆ. ಮೊದಲ ಸಾಲಿನಲ್ಲಿ ಬೇರೆ ಹೆಸರು ಬಂತು. ಒಂಬತ್ತು ವಾರದ ನಂತರ! ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ. ಪಕ್ಕದ ಕೋಣೆಯಿಂದ ಅಮ್ಮ "ಏನೋ ಅದು, ಸೊಳ್ಳೆನಾ?" ಅಂದರು. ಹೌದಮ್ಮ, ದೊಡ್ಡ ಸೊಳ್ಳೆ.

ಹೊಸದಾಗಿ ಓದುವವರಿಗೆ ಎರಡೇ ಮಾತು. ವೆಸ್ನಾತ್ ಅಂದರೆ ಸರದಿ ಪ್ರಕಾರ ಸೈನ್ಯ ನಡೆಸುವ ಕಂಪ್ಯೂಟರ್ ಆಟ. ಅದನ್ನು ಆಡುವ 24 ಜನ ಕನ್ನಡದವರ ಸವಾಲು ಏಣಿ ಇದು, ನಡೆಸುವವನು ನಾನು. ಅರ್ಧ ಜನ ಇಲ್ಲಿ, ಉಳಿದವರು ಮಸ್ಕತ್, ಡಬ್ಲಿನ್, ನ್ಯೂಜೆರ್ಸಿಯಲ್ಲಿ. ಇಬ್ಬಿಬ್ಬರ ಪಂದ್ಯ, ಡೀಫಾಲ್ಟ್ ಎರಾ (ಆಟದ ಮಾಮೂಲಿ ಸೈನ್ಯಗಳು), ಶುರುವಿಗೆ 100 ಚಿನ್ನ. ಯಾರು ಬೇಕಾದರೂ ತಮಗಿಂತ ಮೇಲಿನ ಯಾರಿಗಾದರೂ ಸವಾಲು ಹಾಕಬಹುದು. ಎಲ್ಲರೂ 1500 ಅಂಕದಿಂದ ಶುರು. ಗೆದ್ದವನಿಗೆ ಎಷ್ಟು, ಸೋತವನಿಂದ ಎಷ್ಟು ಅನ್ನುವುದು ಚೆಸ್‌ನವರ ಎಲೋ ಲೆಕ್ಕ; ಕೆ, ಅಂದರೆ ಒಂದು ಪಂದ್ಯದಲ್ಲಿ ಕೈ ಬದಲಾಗುವ ಅಂಕದ ಮಿತಿ, 32. ರಿಪ್ಲೇ ಫೈಲ್ (ಪಂದ್ಯದ ದಾಖಲೆ) ಕಳಿಸದಿದ್ದರೆ ಪಂದ್ಯ ನಡೆದೇ ಇಲ್ಲ ಅಂತ ಅರ್ಥ.

ತಲೆನೋವು ಶುರುವಾದದ್ದು 29ನೇ ವಾರ. ಒಂದನೇ ನಂಬರಿನ ಮಹಾರಾಯರು 1765 ಅಂಕ ಮುಟ್ಟಿದರು. ಮುಟ್ಟಿದವರೇ ಆಟ ನಿಲ್ಲಿಸಿ ಅಲ್ಲೇ ಗೂಟ ಹೊಡೆದು ಕೂತರು.

ಅವರನ್ನೂ ಬೈಯುವಂತಿಲ್ಲ. ಲೆಕ್ಕ ನೋಡಿ. 1425 ಅಂಕದ ಹುಡುಗ ಇವರಿಗೆ ಸವಾಲು ಹಾಕುತ್ತಾನೆ. ವ್ಯತ್ಯಾಸ 340. ಎಲೋ ಪ್ರಕಾರ ಇವರು ಗೆಲ್ಲುವ ಸಾಧ್ಯತೆ ಸುಮಾರು 88%. ಗೆದ್ದರೆ ಸಿಗುವುದು 4 ಅಂಕ, ಸೋತರೆ ಹೋಗುವುದು 28. ಎಂಟರಲ್ಲಿ ಏಳು ಗೆದ್ದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗಣಿತದಲ್ಲಿ ಇದು ಪಕ್ಕಾ ನ್ಯಾಯ. ಆದರೆ ಆಡುವವನ ಕಣ್ಣಿಗೆ ಬೀಳುವುದು ಆ 28 ಮಾತ್ರ. ನಾನಾಗಿದ್ದರೂ ಕೂತೇ ಇರುತ್ತಿದ್ದೆ.

ಮೊದಲು ಹಾಕಿದ್ದು ಏಳು ದಿನದ ನಿಯಮ. ಸವಾಲು ಬಂದ ಏಳು ದಿನದೊಳಗೆ ಆಡದಿದ್ದರೆ ಸೋತಂತೆ. ಸರಳ ಅಲ್ವಾ? ಮಹಾರಾಯರು ಇರುವುದು ನ್ಯೂಜೆರ್ಸಿಯಲ್ಲಿ. ಆರನೇ ದಿನ ಬಹಳ ವಿನಯದಿಂದ ಸಂದೇಶ ಕಳಿಸುತ್ತಿದ್ದರು: "ನನಗೆ ಸಂಜೆ ಐದೂವರೆಗೆ ಬಿಡುವು, ನಿಮಗೆ ಆಗುತ್ತಾ?" ಅಲ್ಲಿ ಬೇಸಿಗೆ ಗಡಿಯಾರ, ನಾವು ಒಂಬತ್ತೂವರೆ ಗಂಟೆ ಮುಂದೆ. ಅವರ ಸಂಜೆ ಐದೂವರೆ ಅಂದರೆ ನಮ್ಮ ಬೆಳಗಿನ ಜಾವ ಮೂರು. ಆಗಲ್ಲ ಅಂದರೆ ತಪ್ಪು ಸವಾಲು ಹಾಕಿದವನದೇ. ಒಬ್ಬ ಮಾತ್ರ ಹಟ ಹಿಡಿದು ಮೂರಕ್ಕೆ ಎದ್ದು ಕೂತ. ಅವತ್ತೇ ಅವನ ಮನೆಯಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಎರಡು ತಿಂಗಳ ಹಿಂದೆ ತಂದದ್ದು, ಹನ್ನೊಂದೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಅಂಗಡಿಯವನು "ಅದು ಲೋಡ್ ಜಾಸ್ತಿ ಸಾರ್" ಅಂದನಂತೆ. ಲೋಡ್ ಇದ್ದದ್ದು ಒಂದು ಲ್ಯಾಪ್‌ಟಾಪ್, ಒಂದು ರೂಟರ್.

ಸರಿ, ಸಮಯದ ನಿಯಮ ಬಿಗಿ ಮಾಡಿದೆ. ಇಬ್ಬರಿಗೂ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ಒಳಗೆ ಬರುವ ಹೊತ್ತನ್ನೇ ಕೊಡಬೇಕು. ಆಗ ಕಂಡದ್ದು ಎರಡನೇ ತೂತು. ಒಬ್ಬರ ಮೇಲೆ ಒಂದು ಸಲಕ್ಕೆ ಒಂದೇ ಸವಾಲು ಅಂತ ನಾನೇ ಬರೆದಿದ್ದೆ. ಮೇಲಿದ್ದವರನ್ನು ಎಲ್ಲರೂ ಮುತ್ತಿಕೊಳ್ಳಬಾರದು ಅಂತ ಒಳ್ಳೆ ಮನಸ್ಸಿನಿಂದಲೇ ಬರೆದದ್ದು. ಮಹಾರಾಯರ ಭಾವಮೈದ ಅದೇ ಏಣಿಯಲ್ಲಿ 19ನೇ ಸ್ಥಾನದಲ್ಲಿದ್ದಾರೆ. ಅವರು ಸವಾಲು ಹಾಕಿದರು. ಇಬ್ಬರೂ ಒಪ್ಪಿ ಮುಂದೂಡಿದರು. ಮತ್ತೆ ಒಪ್ಪಿ ಮುಂದೂಡಿದರು. ಬಾಗಿಲಲ್ಲಿ ಭಾವಮೈದನ ಚಪ್ಪಲಿ ಇದೆ, ಬೇರೆಯವರು ಒಳಗೆ ಹೋಗುವಂತಿಲ್ಲ!

ಸಿಟ್ಟು ಬಂದು ಕಡಿತ ತಂದೆ. ಆಡದೆ ಕಳೆದ ಪ್ರತಿ ವಾರಕ್ಕೆ 15 ಅಂಕ ಕಟ್. ಇದು ನಾನು ಮಾಡಿದ ಶುದ್ಧ ತಪ್ಪು. ಮಹಾರಾಯರು ನಗುತ್ತಲೇ ಹೇಳಿದರು, "ಸೋತರೆ 28, ಕೂತರೆ 15. ಬಾಡಿಗೆ ಅಂದ್ಕೊಂಡು ಕಟ್ಟುತ್ತೇನೆ ಬಿಡಿ." ಏಟು ಬಿದ್ದದ್ದು ಪಾಪದವರಿಗೆ. ಮಸ್ಕತ್ ಅಣ್ಣ ಒಂದು ತಿಂಗಳ ರಜೆಗೆ ಊರಿಗೆ ಬಂದಿದ್ದರು, 60 ಅಂಕ ಹೋಯಿತು. ವಾಪಸ್ ಹೋಗಿ ಆಡಿದಾಗ ಆಟವೇನೂ ಕೆಟ್ಟಿರಲಿಲ್ಲ, ಅಂಕ ಮಾತ್ರ ಕಮ್ಮಿ. ಅವರ ಕೈಲಿ ಸೋತವರೆಲ್ಲ ಸುಮ್ನೆ ಎರಡು ಮೂರು ಅಂಕ ಜಾಸ್ತಿ ಕಳೆದುಕೊಂಡರು. ನಾಲ್ಕು ವಾರದ ಮೇಲೆ ಒಟ್ಟು ಮಾಡಿ ನೋಡಿದೆ. 24 ಜನ, ತಲಾ 1500, ಒಟ್ಟು 36,000 ಇರಬೇಕು. ಕೆ ಎಲ್ಲರಿಗೂ ಒಂದೇ ಇದ್ದರೆ ಒಬ್ಬನ ಜೇಬಿಂದ ಹೋದದ್ದು ಇನ್ನೊಬ್ಬನ ಜೇಬಿಗೇ ಬರುತ್ತದೆ. ನನ್ನ ಶೀಟಲ್ಲಿ ಇದ್ದದ್ದು 35,415. 39 ಕಡಿತ, 585 ಅಂಕ ಗಾಳಿಗೆ. ಎಲ್ಲರಿಗೂ ಕ್ಷಮೆ ಕೇಳಿ ವಾಪಸ್ ಕೊಟ್ಟೆ.

ಇಲ್ಲಿ ಬುದ್ಧಿ ಬಂತು. ಆಡದಿದ್ದವನ ಆಟ ಕೆಟ್ಟಿದೆ ಅಂತ ನಾನು ಹೇಳುತ್ತಿದ್ದೆ. ನನಗೆ ನಿಜಕ್ಕೂ ಗೊತ್ತಿದ್ದದ್ದು ಅಷ್ಟಲ್ಲ. ಅವನ ಆಟ ಈಗ ಹೇಗಿದೆ ಅಂತ ನನಗೆ ತಿಳಿಯದು, ಅಷ್ಟೇ. ಶೀಟಿನಲ್ಲಿ ಅಂಕದ ಕಾಲಂ ಒಂದೇ ಇದ್ದರೆ ಇವೆರಡನ್ನೂ ಬೇರೆ ಮಾಡಲಾಗದು. ಆರ್ಪಾಡ್ ಎಲೋ ಅವರ ಪದ್ಧತಿಯನ್ನು ಜಾಗತಿಕ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು, ಅದರಲ್ಲಿ ಇರುವುದು ಒಂದೇ ಸಂಖ್ಯೆ. ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ಗ್ಲಿಕೋ ಅನ್ನುವ ಇನ್ನೊಂದು ರೇಟಿಂಗ್ ಪದ್ಧತಿ ತಂದಾಗ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇಟ್ಟರು: ಆರ್‌ಡಿ. ಈ ರೇಟಿಂಗ್ ಮೇಲೆ ಎಷ್ಟು ಅನುಮಾನ ಇದೆ ಅನ್ನುವುದರ ಅಳತೆ ಅದು. ಹೊಸಬರಿಗೆ 350. ಆಡಿದಷ್ಟೂ ಇಳಿಯುತ್ತದೆ, ಆಡದೆ ಕೂತರೆ ನಿಧಾನಕ್ಕೆ ಉಬ್ಬುತ್ತದೆ. ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಕೆಲವರ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇರುತ್ತದಲ್ಲ, ಅದು ಈ ಅನುಮಾನವೇ.

ಹಾಗಾಗಿ ರೇಟಿಂಗ್ ಬೇರೆ, ಮೆಟ್ಟಿಲು ಬೇರೆ ಮಾಡಿದೆ. ಮೆಟ್ಟಿಲು ಅಂದರೆ ರೇಟಿಂಗ್‌ನಿಂದ ಎರಡು ಆರ್‌ಡಿ ಕಳೆದದ್ದು. ಹೊಸಬ 1500ರಲ್ಲಿ 700 ಕಳೆದು 800ರಲ್ಲಿ ನಿಲ್ಲುತ್ತಾನೆ, ಅಂದರೆ ತಾನಾಗಿಯೇ ಏಣಿಯ ಬುಡ. ಆರ್‌ಡಿ 100 ಇರುವವನು ಎರಡು ವರ್ಷ ಆಡದಿದ್ದರೆ ಮತ್ತೆ 350 ಆಗಲಿ ಅಂತ ಇಟ್ಟುಕೊಂಡೆ. ಎರಡರ ವರ್ಗದ ವ್ಯತ್ಯಾಸವನ್ನು 104 ವಾರಕ್ಕೆ ಹಂಚಿ ವರ್ಗಮೂಲ ತೆಗೆದರೆ ಸಿ, ಅಂದರೆ ಅನುಮಾನ ಉಬ್ಬುವ ವೇಗ ಹೇಳುವ ಸಂಖ್ಯೆ, ಸುಮಾರು 33. (ಒಂದು ಅವಧಿಯಲ್ಲಿ ತಲಾ ಐದರಿಂದ ಹತ್ತು ಪಂದ್ಯ ಇದ್ದರೆ ಗ್ಲಿಕೋ ಚೆನ್ನಾಗಿ ನಡೆಯುತ್ತದೆ ಅಂತಾರೆ. ನಮ್ಮಲ್ಲಿ ವಾರಕ್ಕೆ ಒಂದೋ ಎರಡೋ. ಇರಲಿ, ಹಬ್ಬದೂಟ ಇಲ್ಲದಿದ್ದರೆ ಚಿತ್ರಾನ್ನ.)

ಎಲ್ಲ ಪಂದ್ಯಗಳನ್ನೂ ಮೊದಲಿಂದ ಓಡಿಸಿದೆ. ಫಲಿತಾಂಶ ನೋಡಿ ಮೈ ಉರಿಯಿತು. ಮಹಾರಾಯರು ಅದೇ ಒಂದನೇ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿದ್ದಾರೆ. ಎಲ್ಲರಿಗಿಂತ ಜಾಸ್ತಿ ಆಡುವ ಶಿರಸಿ ಹುಡುಗ ಏಳನೇ ಸ್ಥಾನದಿಂದ ಹನ್ನೊಂದಕ್ಕೆ ಬಿದ್ದಿದ್ದಾನೆ. ಓಡಿದವನಿಗೆ ದಂಡ, ಕೂತವನಿಗೆ ಹಾರ.

ಮೂರು ರಾತ್ರಿ ಸೂತ್ರವನ್ನೇ ಅನುಮಾನಿಸಿದೆ. ಸೂತ್ರದಲ್ಲಿ ಏನೂ ಇರಲಿಲ್ಲ. ಕಳೆದ ಪಂದ್ಯದಿಂದ ಎಷ್ಟು ವಾರ ಆಯಿತು ಅಂತ ಎಣಿಸುವ ಕಡೆ ನಾನು ಎಷ್ಟು ಸಾಲು ಆಯಿತು ಅಂತ ಎಣಿಸಿದ್ದೆ. ಅಂದರೆ ಪ್ರತಿ ಪಂದ್ಯಕ್ಕೂ ಒಂದು ವಾರದ ಅನುಮಾನ ಸೇರುತ್ತಿತ್ತು. ಆಡದವರಿಗೆ ಸಾಲೇ ಇಲ್ಲ, ಅನುಮಾನವೂ ಇಲ್ಲ.

ತಿದ್ದಿದೆ, ದಿನಾಂಕ ಕಳೆಯುವ ಹಾಗೆ ಮಾಡಿದೆ. ಈಗ ಇನ್ನೂ ವಿಚಿತ್ರ. ನಿನ್ನೆ ಮೊನ್ನೆ ಆಡಿದ ಡಬ್ಲಿನ್ ಅಕ್ಕ ಮೂರು ತಿಂಗಳಿಂದ ನಾಪತ್ತೆ ಅನ್ನುತ್ತಿದೆ ಶೀಟ್. ಬರೆದದ್ದು 05/08, ಆಗಸ್ಟ್ 5. ಶೀಟ್‌ನ ಲೊಕೇಲ್ (ಯಾವ ದೇಶದ ರೀತಿ ಅನ್ನುವ ಸೆಟ್ಟಿಂಗ್) ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ಹಾಗಾಗಿ ಅದು ಓದಿದ್ದು ಮೇ 8. ಸೆಟ್ಟಿಂಗ್ ನೋಡದೆ ಶೀಟ್ ತೆರೆದವನು ನಾನೇ. 25/08 ಬಂದರೆ 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಬಿಟ್ಟುಬಿಡುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನ ಆಡಿದವರು ತಲೆಕೆಳಗು, ಆಮೇಲೆ ಆಡಿದವರು ಮಾಯ. ಲೊಕೇಲ್ ಬದಲಿಸಿ ದಿನಾಂಕಗಳನ್ನೆಲ್ಲ ವರ್ಷ, ತಿಂಗಳು, ದಿನ ಅಂತ ಕೈಯಾರೆ ಮತ್ತೆ ಹೊಡೆದೆ. 411 ಸಾಲು. ಬೆರಳು ಈಗಲೂ ನೋಯುತ್ತಿದೆ.

ಆಮೇಲೆ ಬಂದದ್ದೇ ಆ ಒಂದೂ ಮುಕ್ಕಾಲರ ಚಪ್ಪಾಳೆ. ಮಹಾರಾಯರ ರೇಟಿಂಗ್ ಗ್ಲಿಕೋದಲ್ಲಿ 1790, ಈಗಲೂ ಅದು ಎಲ್ಲರಿಗಿಂತ ಜಾಸ್ತಿ. ಒಂದು ಅಂಕವನ್ನೂ ಕಿತ್ತಿಲ್ಲ. ಆದರೆ ಒಂಬತ್ತು ವಾರದಲ್ಲಿ ಆರ್‌ಡಿ 100ರಿಂದ 140.5ಕ್ಕೆ ಉಬ್ಬಿದೆ. ಮೆಟ್ಟಿಲು 1590 ಇದ್ದದ್ದು 1509. ಮೇಲೆ 1519 ಒಬ್ಬರು, 1516 ಇನ್ನೊಬ್ಬರು. ಮೂರನೇ ಸ್ಥಾನ! ಮಸ್ಕತ್ ಅಣ್ಣನಿಗೂ ರಜೆಯ ಶಿಕ್ಷೆ ಇಲ್ಲ. ನಾಲ್ಕೈದು ಪಂದ್ಯ ಆಡಿದರೆ ಹಳೆ ಜಾಗ.

ಈ ನಡುವೆ ದಾಳದ ದೂರು ನಿಂತಿಲ್ಲ. ವೆಸ್ನಾತ್‌ನಲ್ಲಿ ಏಟು ತಾಗುವುದು ಅದೃಷ್ಟದ ಮೇಲೆ; ಗ್ರಂಟ್, ಸ್ಪಿಯರ್‌ಮನ್ ಅಂದರೆ ಅಲ್ಲಿನ ಸೈನಿಕರು. "ಕೋಟೆಯಲ್ಲಿದ್ದ ಗ್ರಂಟ್ ಮೇಲೆ ಸ್ಪಿಯರ್‌ಮನ್ ಮೂರಕ್ಕೆ ಮೂರೂ ತಪ್ಪಿದ, ಇದು ಆಟವಾ?" ಅಂತ ವಾರಕ್ಕೊಂದು ವಾಯ್ಸ್ ಮೆಸೇಜ್. ಕೋಟೆಯಲ್ಲಿ 60% ತಪ್ಪುತ್ತದೆ. ಮೂರೂ ತಪ್ಪುವುದು 21.6%, ಐದಕ್ಕೆ ಒಂದು ಸಲ. ಆಟದ ಸ್ಟ್ಯಾಟಿಸ್ಟಿಕ್ಸ್ ಕಿಟಕಿ ತೆರೆದು ನಿರೀಕ್ಷಿತ ಏಟು ಎಷ್ಟು, ಬಿದ್ದ ಏಟು ಎಷ್ಟು ಅಂತ ಸ್ಕ್ರೀನ್‌ಶಾಟ್ ಕಳಿಸಿ, ಆಮೇಲೆ ಅಳಿ. ಹಗಲಲ್ಲಿ ಬಲ, ರಾತ್ರಿ ದುರ್ಬಲ ಆಗುವ ಸ್ಪಿಯರ್‌ಮನ್‌ನನ್ನು ಆಟದ ರಾತ್ರಿ ಹೊತ್ತಲ್ಲೇ ನುಗ್ಗಿಸಿ ಏಟು 25% ಕಮ್ಮಿ ಆಯಿತು ಅಂತ ದೂರುವವರಿಗೆ ಉತ್ತರವನ್ನೇ ಕೊಡುವುದಿಲ್ಲ.

ಬಹುಮಾನದ ಕಥೆಯೂ ಇದೆ. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಪುಟ್ಟ ಕೋಟೆ ಮಾಡಿಸಲು ಮುಂಗಡ ಕೊಟ್ಟು ಐದು ವಾರ ಆಯಿತು. ಪ್ರತಿ ಸಲ "ಮಂಗಳವಾರ ಬನ್ನಿ ಸಾರ್". ಯಾವ ಮಂಗಳವಾರ ಅಂತ ಹೇಳುವುದಿಲ್ಲ. ಆಲೆ ಮರ ಒಣಗಿಲ್ಲ ಅಂತ ಒಂದು ಸಲ, ಮಾಡುವವರು ಮದುವೆಗೆ ಹೋಗಿದ್ದಾರೆ ಅಂತ ಇನ್ನೊಂದು ಸಲ. ಸ್ಟಿಕ್ಕರ್ ಅಂಗಡಿಯವನು ಇನ್ನೂ ಮೇಲು. "ನಿಮ್ಮ ಯೂನಿಕೋಡ್ ನಮ್ಮಲ್ಲಿ ಬರಲ್ಲ, ನುಡಿ ತಂತ್ರಾಂಶದಲ್ಲಿ ಹೊಡೆದು ಕೊಡಿ" ಅಂದ. ಕೊಟ್ಟೆ. ರ‍್ಯಾಂಕಿಂಗ್ ಅನ್ನುವುದು ಯರ್ಾಂಕಿಂಗ್ ಆಗಿ 50 ಸ್ಟಿಕ್ಕರ್ ಬಂತು. ಎರಡು ಅಂಟಿಸಿಯೂ ಆಯಿತು, ನನ್ನ ಲ್ಯಾಪ್‌ಟಾಪ್ ಮೇಲೆ ಒಂದು, ಫ್ರಿಜ್ ಮೇಲೆ ಒಂದು.

ಚನ್ನಪಟ್ಟಣಕ್ಕೆ ಮೂರನೇ ಸಲ ಹೋದಾಗ ಕಾಯುತ್ತಾ ಕೂತಿದ್ದೆ. ಅಂಗಡಿಯ ಜಗಲಿ ಕಲ್ಲಿನ ಮೇಲೆ ಆಡು ಹುಲಿ ಆಟದ ಮನೆ ಕೆತ್ತಿದ್ದು ಕಂಡಿತು, ಅರ್ಧ ಸವೆದಿತ್ತು. ಅಲ್ಲೇ ಮುಂದಿನ ಯೋಜನೆ ಹುಟ್ಟಿತು. ಮೂರು ಹುಲಿ, ಹದಿನೈದು ಆಡು. ಎರಡೂ ಕಡೆ ಸಮ ಇಲ್ಲ, ಗೆಲ್ಲುವ ದಾರಿಯೂ ಬೇರೆ: ಹುಲಿ ತಿನ್ನಬೇಕು, ಆಡು ಮುತ್ತಬೇಕು. ಇದಕ್ಕೆ ಏಣಿ ಹಾಕಿದರೆ ಒಬ್ಬನಿಗೇ ಎರಡು ರೇಟಿಂಗ್ ಬೇಕು, ಹುಲಿ ರೇಟಿಂಗ್, ಆಡು ರೇಟಿಂಗ್. ಸವಾಲು ಅಂದರೆ ಕಡೆ ಬದಲಿಸಿ ಎರಡು ಆಟ. ವೆಸ್ನಾತ್‌ನಲ್ಲೂ ಮೊದಲು ನಡೆಸುವವನಿಗೆ ಲಾಭವಾ ಅನ್ನುವ ಜಗಳ ಇದೆಯಲ್ಲ, ಅದಕ್ಕೂ ಇದೇ ಮದ್ದು ಹಾಕಬಹುದು. ಹಲಗೆಯ ಚಿತ್ರ ಬಿಡಿಸಿ ಇಟ್ಟಿದ್ದೇನೆ. ಪಗಡೆಯಷ್ಟು ದಪ್ಪ ಕಾಯಿ ಬೇಕು, ಆದರೆ ಅದೇ ಅಂಗಡಿಗೆ ಮತ್ತೆ ಮುಂಗಡ ಕೊಡುವ ಧೈರ್ಯ ಇಲ್ಲ.

ಮಹಾರಾಯರ ಪ್ರತಿಕ್ರಿಯೆ ಸೋಮವಾರ ಬೆಳಿಗ್ಗೆ ಬಂತು. ಬೈಗುಳ ಇರಬಹುದು ಅಂತ ಕಾಫಿ ಮುಗಿಸಿಕೊಂಡೇ ತೆರೆದೆ. ಮೂರು ಸವಾಲು ಇದ್ದವು. ಒಂದು 1519ರವರಿಗೆ, ಒಂದು 1516ರವರಿಗೆ. ತನಗಿಂತ ಮೇಲಿರುವವರು ಇಬ್ಬರೇ, ಹಾಗಾಗಿ ಮೂರನೆಯದನ್ನು ನಿಯಮ ಮೀರಿ ನೇರ ನನಗೇ ಹಾಕಿದ್ದರು. ನಕ್ಷೆ ಹ್ಯಾಮ್ಲೆಟ್ಸ್, ಶನಿವಾರ, ನಮ್ಮ ರಾತ್ರಿ ಎಂಟೂವರೆ. ಅವರಿಗೆ ಬೆಳಿಗ್ಗೆ ಹನ್ನೊಂದು. ಕೊಟ್ಟ ಸಮಯ ಮೊದಲ ಸಲ ಸರಿಯಾಗಿತ್ತು, ಅದಕ್ಕೇ ಒಪ್ಪಿಕೊಂಡೆ. ಏಣಿಯಲ್ಲಿ ನಾನು 14ನೇ ಸ್ಥಾನ. ಶನಿವಾರ ಯುಪಿಎಸ್ ಪಕ್ಕಾ ಚಾರ್ಜ್ ಮಾಡಿಟ್ಟಿರುತ್ತೇನೆ.