ಮೂರೂ ಸ್ಲೈಡ್ ಕಂದಾಗಿದ್ದ ದಿನ

ಅವತ್ತು ಕಾರಿಡಾರಿನಲ್ಲಿ ಆ ಹುಡುಗ ಕೇಳಿದಾಗ ನಾನು ಬಾಯಿ ಬಿಡಬಾರದಿತ್ತು. "ಮೇಡಂ, ಅಮ್ಮನ ರಿಪೋರ್ಟ್ ಬಂತಾ?" ಅಂದ. ನನ್ನ ಕೈಯಲ್ಲಿ ಆಗಷ್ಟೇ ಬಣ್ಣ ಹಾಕಿದ ಸ್ಲೈಡುಗಳ ಟ್ರೇ ಇತ್ತು. "ಸ್ವಲ್ಪ ಬಣ್ಣ ಬಂದಿದೆ ಕಣಪ್ಪ, ಡಾಕ್ಟರ್ ನೋಡಿ ಹೇಳ್ತಾರೆ" ಅಂದುಬಿಟ್ಟೆ. ಬಣ್ಣ ಬಂದರೆ ಏನರ್ಥ ಅಂತ ಅವನು ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡ.

ನಾನು ತುಮಕೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಆಪರೇಷನ್ನಿನಲ್ಲಿ ತೆಗೆದ ಗಡ್ಡೆ ನಮ್ಮ ಹತ್ತಿರ ಬರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಪೆಥಾಲಜಿಸ್ಟ್, ಅಂದರೆ ಗಡ್ಡೆ ನೋಡಿ ರೋಗ ಹೇಳುವ ಡಾಕ್ಟರ್, ಅವರ ಟೇಬಲ್ಲಿಗೆ ಇಡುವುದು ನನ್ನ ಕೆಲಸ. ಮಧುಗಿರಿ, ಸಿರಾ, ಪಾವಗಡ, ಎಲ್ಲ ಕಡೆಯಿಂದ ಬರುತ್ತವೆ. ಅದರಲ್ಲಿ ಥೈರಾಯ್ಡ್ ಗಡ್ಡೆಯವರು ಹೆಂಗಸರೇ ಜಾಸ್ತಿ.

ಆ ಹುಡುಗನ ತಾಯಿಗೂ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು. ಸೂಜಿ ಪರೀಕ್ಷೆ ಆಗಿತ್ತು. ಸೂಜಿ ಪರೀಕ್ಷೆಯ ಫಲಿತಾಂಶವನ್ನು ಗುಂಪು ಮಾಡುವ ಬೆಥೆಸ್ಡಾ ಲೆಕ್ಕದಲ್ಲಿ 4ನೇ ಗುಂಪು ಅಂತ ಬಂದಿತ್ತು. ಈ ಲೆಕ್ಕದಲ್ಲಿ ಒಟ್ಟು 6 ಗುಂಪು. 2 ಅಂದರೆ ಒಳ್ಳೆ ಗಡ್ಡೆ, 6 ಅಂದರೆ ಕ್ಯಾನ್ಸರ್. 3 ಮತ್ತು 4ರಲ್ಲಿ ಸಿಕ್ಕಿಕೊಂಡವರ ಪಾಡು ಕಷ್ಟ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಇದಕ್ಕೆ ಕಾರಣ ಇದೆ. ಫಾಲಿಕ್ಯುಲರ್ ಜಾತಿಯ ಗಡ್ಡೆಯಲ್ಲಿ ಒಳ್ಳೆಯದರ ಜೀವಕೋಶ, ಕೆಟ್ಟದರ ಜೀವಕೋಶ ಎರಡೂ ನೋಡಲು ಒಂದೇ ಥರ. ಗಡ್ಡೆಯ ಸುತ್ತ ಒಂದು ತೆಳ್ಳನೆ ಪೊರೆ ಇರುತ್ತದೆ. ಜೀವಕೋಶಗಳು ಆ ಬೇಲಿ ದಾಟಿದ್ದರೆ, ಇಲ್ಲವೇ ರಕ್ತನಾಳದೊಳಗೆ ಹೊಕ್ಕಿದ್ದರೆ ಮಾತ್ರ ಕ್ಯಾನ್ಸರ್. ಸೂಜಿ ಹೊಲದ ಮಧ್ಯದಿಂದ ಒಂದು ಹಿಡಿ ಮಣ್ಣು ತಂದ ಹಾಗೆ. ಅದರಲ್ಲಿ ಬೇಲಿ ಕಾಣುತ್ತದಾ? ಅದಕ್ಕೇ ಆ ತಾಯಿಯ ಅರ್ಧ ಥೈರಾಯ್ಡ್ ತೆಗೆದು ನಮಗೆ ಕಳಿಸಿದ್ದರು.

ಇಂಥ ಕಡೆ ಪ್ರೋಟೀನ್ ಗುರುತುಗಳ ಸಹಾಯ ತೆಗೆದುಕೊಳ್ಳುತ್ತೇವೆ. ಮುಖ್ಯವಾಗಿ ಮೂರು: ಗ್ಯಾಲೆಕ್ಟಿನ್-3, ಎಚ್‌ಬಿಎಂಇ-1, ಸಿಕೆ19. ಆರೋಗ್ಯವಾಗಿರುವ ಥೈರಾಯ್ಡ್ ಜೀವಕೋಶದಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ, ಕ್ಯಾನ್ಸರ್ ಆದಾಗ ಬಹಳ ಸಲ ಕಾಣುತ್ತವೆ. ಆ ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಹಿಡಿದ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದನ್ನೇ ನಂಬುವ ಹಾಗಿಲ್ಲ. ಹಾಶಿಮೊಟೊ ಅನ್ನುವ ಥೈರಾಯ್ಡ್ ಉರಿಯೂತದಲ್ಲಿ ಕ್ಯಾನ್ಸರ್ ಇಲ್ಲದೆಯೂ ಸಿಕೆ19 ಬರುತ್ತದೆ, ಗ್ಯಾಲೆಕ್ಟಿನ್ ಕೂಡ ಬರಬಹುದು. ಹಾಗಾಗಿ ಮೂರನ್ನೂ ಒಟ್ಟಿಗೆ ನೋಡುವುದು.

ಅವತ್ತು ಮೂರೂ ಕಂದಾಗಿದ್ದವು. ಗಡ್ಡೆಯ ತುಂಬ, ಒಂದು ಮೂಲೆಯೂ ಬಿಡದೆ. ಬಣ್ಣ ಸರಿಯಾಗಿ ಬರುತ್ತದಾ ಅಂತ ನೋಡಲು ಪಕ್ಕದಲ್ಲಿ ಗೊತ್ತಿರುವ ಕ್ಯಾನ್ಸರಿನ ತುಂಡನ್ನು ಕಂಟ್ರೋಲ್ ಆಗಿ ಇಟ್ಟಿದ್ದೆ, ಅದೂ ಸರಿಯಾಗಿ ಕಂದಾಗಿತ್ತು. ಮೂರು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಅಂದುಕೊಂಡೆ. ಆ ಧೈರ್ಯದಲ್ಲೇ ಹುಡುಗನಿಗೆ ಬಾಯಿಬಿಟ್ಟಿದ್ದು.

ನಮ್ಮ ಡಾಕ್ಟರ್ ಎಚ್‌ಬಿಎಂಇ-1 ಸ್ಲೈಡನ್ನು ಬಹಳ ಹೊತ್ತು ನೋಡಿದರು. ನನ್ನನ್ನು ಕರೆದು ಮೈಕ್ರೋಸ್ಕೋಪಿನ ಇನ್ನೊಂದು ಕಣ್ಣಿಗೆ ಕೂರಿಸಿದರು. "ಇದು ಎಲ್ಲಿ ಬರಬೇಕು?" ಅಂದರು. ಜೀವಕೋಶದ ಅಂಚಿನಲ್ಲಿ, ಗೆರೆ ಎಳೆದ ಹಾಗೆ ಬರಬೇಕು. ಇಲ್ಲಿ ಹಾಗಿರಲಿಲ್ಲ. ಜೀವಕೋಶದ ಹೊಟ್ಟೆಯೊಳಗೆ ರವೆ ಚೆಲ್ಲಿದ ಹಾಗೆ ಕಂದು ಕಾಳು. ಮೂರೂ ಸ್ಲೈಡಿನಲ್ಲಿ ಅದೇ ರವೆ. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಆಂಟಿಬಾಡಿ ಹಾಕದ ಸ್ಲೈಡ್ ಎಲ್ಲಿ?"

ಅದನ್ನು ನಾನು ಮಾಡಿರಲಿಲ್ಲ. ಕಿಟ್ ದುಬಾರಿ, ಉಳಿಸೋಣ ಅಂತ ಬಿಟ್ಟಿದ್ದೆ.

ಮಾರನೇ ದಿನ ಮಾಡಿದೆ. ಅದೇ ಗಡ್ಡೆ, ಅದೇ ಕಿಟ್, ಆಂಟಿಬಾಡಿ ಮಾತ್ರ ಇಲ್ಲ. ಆಂಟಿಬಾಡಿಯೇ ಇಲ್ಲದ ಮೇಲೆ ಅದು ಕಂದಾಗಬಾರದು. ಅದೂ ಕಂದಾಯಿತು. ಕಣ್ಣೆದುರೇ ಹನಿ ಬಿದ್ದ ಜಾಗ ಕಂದಾಗುತ್ತಾ ಬಂದಾಗ ನನ್ನ ಕೈ ತಣ್ಣಗಾಯಿತು.

ಆಗಿದ್ದು ಇಷ್ಟು. ನಾವು ಆಗ ಬಳಸುತ್ತಿದ್ದ ಹಳೇ ಮಾದರಿ ಕಿಟ್ ಬಯೋಟಿನ್ ಮೇಲೆ ನಡೆಯುವಂಥದ್ದು. ಬಯೋಟಿನ್ ಒಂದು ಬಿ ವಿಟಮಿನ್. ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಅನ್ನುವ ಪ್ರೋಟೀನ್ ಇದೆ, ಬಯೋಟಿನ್ ಸಿಕ್ಕರೆ ಬಿಡದೆ ಅಂಟಿಕೊಳ್ಳುತ್ತದೆ. ಆ ಅಂಟನ್ನೇ ಬಳಸಿ ಬಣ್ಣ ತರಿಸುತ್ತಾರೆ. ಆದರೆ ಈ ತಾಯಿಯ ಗಡ್ಡೆ ಆಂಕೋಸೈಟಿಕ್ ಜಾತಿಯದು, ಹಿಂದೆ ಹರ್ತಲ್ ಸೆಲ್ ಅನ್ನುತ್ತಿದ್ದರಲ್ಲ ಅದು. ಆ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ, ಅಂದರೆ ಜೀವಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು, ಕಿಕ್ಕಿರಿದಿರುತ್ತವೆ. ಅವುಗಳ ಒಳಗೆ ಬಯೋಟಿನ್ ತಾನಾಗಿಯೇ ಇರುತ್ತದೆ. ಆಂಟಿಬಾಡಿ ಸರಿಯಾಗಿ ಹಿಡಿಯಲಿ ಅಂತ ನಾವು ಸ್ಲೈಡನ್ನು ಕಾಯಿಸುತ್ತೇವೆ, ಆಗ ಅದು ಇನ್ನೂ ಬಯಲಿಗೆ ಬರುತ್ತದೆ. ಕಿಟ್ಟು ಗಡ್ಡೆಯದೇ ಬಯೋಟಿನ್ನಿಗೆ ಅಂಟಿಕೊಂಡಿತ್ತು. ಪೆರಾಕ್ಸೈಡ್ ಹಾಕಿ ತೊಳೆದಿದ್ದೇನಲ್ಲ ಅಂತ ನನಗೆ ಧೈರ್ಯ ಇತ್ತು. ಅದು ತಡೆಯುವುದು ಗಡ್ಡೆಯೊಳಗೇ ಇದ್ದು ತಪ್ಪು ಬಣ್ಣ ತರಿಸುವ ಪೆರಾಕ್ಸಿಡೇಸ್ ಅನ್ನುವ ಕಿಣ್ವವನ್ನು, ಬಯೋಟಿನ್ನನ್ನಲ್ಲ.

ಮೂರು ಸಾಕ್ಷಿ ಅಂದುಕೊಂಡಿದ್ದೆನಲ್ಲ, ಮೂರೂ ಒಂದೇ ಬಾಯಿಂದ ಮಾತಾಡುತ್ತಿದ್ದವು. ಇದು ನನಗೆ ಈಗಲೂ ಚುಚ್ಚುತ್ತದೆ.

ಅವಿಡಿನ್, ಬಯೋಟಿನ್ ಎರಡನ್ನೂ ಮೊದಲೇ ಹಾಕಿ ಒಳಗಿನ ಬಯೋಟಿನ್ ಮುಚ್ಚಿ, ಮತ್ತೆ ಬಣ್ಣ ಹಾಕಿದೆ. ಆಂಟಿಬಾಡಿ ಇಲ್ಲದ ಸ್ಲೈಡ್ ಹಿನ್ನೆಲೆ ಬಣ್ಣದ ನೀಲಿಯಾಗಿಯೇ ಉಳಿಯಿತು, ಕಂದಾಗಲಿಲ್ಲ. ಗ್ಯಾಲೆಕ್ಟಿನ್ ಸ್ಲೈಡಿನಲ್ಲಿ ಗಡ್ಡೆಯ ಜೀವಕೋಶಗಳೂ ನೀಲಿ. ನಡುವೆ ಅಲ್ಲೊಂದು ಇಲ್ಲೊಂದು ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ರಕ್ಷಕ ಜೀವಕೋಶ, ಮಾತ್ರ ಕಂದು. ಅವುಗಳಲ್ಲಿ ಗ್ಯಾಲೆಕ್ಟಿನ್ ಇರಲೇಬೇಕು, ಅಂದರೆ ಬಣ್ಣ ಕೆಲಸ ಮಾಡಿದೆ. ಎಚ್‌ಬಿಎಂಇ-1 ಇಲ್ಲ. ಸಿಕೆ19 ಎಲ್ಲೋ ಒಂದೆರಡು ಕಡೆ ಮಸುಕಾಗಿ.

ಡಾಕ್ಟರ್ ಅಷ್ಟಕ್ಕೇ ರಿಪೋರ್ಟ್ ಬರೆಯಲಿಲ್ಲ. ಈ ಗುರುತುಗಳು ಬರಲಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅನ್ನುವ ಹಾಗಿಲ್ಲ, ಆಂಕೋಸೈಟಿಕ್ ಗಡ್ಡೆಯಲ್ಲಂತೂ ಇನ್ನೂ ಎಚ್ಚರ ಬೇಕು. ಪೊರೆ ಪೂರ್ತಿ ಬೇಕು ಅಂದರು. ಉಳಿದಿದ್ದ ಪೊರೆಯನ್ನೆಲ್ಲ ಮೇಣದ ಬ್ಲಾಕ್ ಮಾಡಿ, ಒಂದೊಂದನ್ನೂ ಆಳದವರೆಗೆ ಕತ್ತರಿಸಿ ಕೊಟ್ಟೆ. ಎಲ್ಲೂ ಬೇಲಿ ದಾಟಿರಲಿಲ್ಲ. ಯಾವ ರಕ್ತನಾಳದೊಳಗೂ ಇರಲಿಲ್ಲ. ಆಂಕೋಸೈಟಿಕ್ ಅಡಿನೋಮಾ ಅಂತ ಬರೆದರು. ಒಳ್ಳೆ ಗಡ್ಡೆ.

ಆಮೇಲೆ ನಾವು ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ಟಿಗೆ ಬದಲಾದೆವು. ಆದರೂ ಪ್ರತಿ ಸಲ, ಪ್ರತಿ ಗಡ್ಡೆಗೂ, ಆಂಟಿಬಾಡಿ ಇಲ್ಲದ ಸ್ಲೈಡಿನ ನಂಬರನ್ನೇ ನಾನು ಮೊದಲು ಪೆನ್ಸಿಲ್ಲಿನಲ್ಲಿ ಬರೆಯುವುದು. ಹೊಸಬರು ಬಂದರೆ ಅವರಿಗೆ ಮೊದಲ ವಾರ ಕಲಿಸುವುದೂ ಅದನ್ನೇ. ಕಾರಿಡಾರಿನಲ್ಲಿ ಯಾರಾದರೂ ಕೇಳಿದರೆ, "ಡಾಕ್ಟರ್ ಇನ್ನೂ ನೋಡಿಲ್ಲ, ನೋಡಿದ ಮೇಲೆ ಅವರೇ ಹೇಳ್ತಾರೆ" ಅಂತ ಮಾತ್ರ ಹೇಳುತ್ತೇನೆ. ಬಣ್ಣದ ಸುದ್ದಿ ಎತ್ತುವುದಿಲ್ಲ.

ರಿಪೋರ್ಟ್ ತೆಗೆದುಕೊಳ್ಳಲು ಆ ಹುಡುಗ ನಾಲ್ಕನೇ ದಿನ ಬಂದ. ಡಾಕ್ಟರ್ ರೂಮಿನಿಂದ ಹೊರಗೆ ಬಂದವನು ನನ್ನ ಹತ್ತಿರ ನಿಂತು, "ಅವತ್ತಿಂದ ಅಮ್ಮನ ಎದುರು ಕೂತು ಊಟ ಮಾಡೋಕೆ ಆಗಿರಲಿಲ್ಲ ಮೇಡಂ" ಅಂದ. ಸಿಟ್ಟಿನಿಂದ ಹೇಳಲಿಲ್ಲ. ನಾನು ಅವನನ್ನು ಕೂರಿಸಿ, ನಾನು ಏನು ತಪ್ಪು ಮಾಡಿದೆ ಅನ್ನುವುದನ್ನು ಒಂದೂ ಬಿಡದೆ ಹೇಳಿ, ಕ್ಷಮೆ ಕೇಳಿದೆ.